ಕಿಲ್ಟ್‌ಗೆ ಉಣ್ಣೆಯ ಕಾಲ್ಚೀಲ: ಅಳತೆ ನಿಮ್ಮ ಮೀನಖಂಡದ್ದೇ ಇರಲಿ

ಸ್ಕಾಟ್ಲೆಂಡಿನ ಗಂಡಸರು ಉಡುವ ಚೌಕುಳಿ ಬಟ್ಟೆಯ ನೆರಿಗೆ ಲಂಗ, ಅಂದರೆ ಕಿಲ್ಟ್, ಮಂಡಿಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕಾಣುವುದು ಕಾಲ್ಚೀಲ ಮತ್ತು ಶೂ, ಅಷ್ಟೇ. ಎಂಟು ಗಜ ಬಟ್ಟೆಯ ನೆರಿಗೆ ಎಷ್ಟೇ ಚೆನ್ನಾಗಿರಲಿ, ಕಾಲ್ಚೀಲ ಸುಕ್ಕಾಗಿ ಜಾರಿದ್ದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅಂಗಡಿಯ ಕಾಲ್ಚೀಲಗಳನ್ನು ಹತ್ತಾರು ಬಗೆಯ ಕಾಲಿಗೆ ಒಗ್ಗಲಿ ಎಂದು ಮಾಡಿರುತ್ತಾರೆ. ತುಂಬಿದ ಮೀನಖಂಡದವರಿಗೆ ಅದು ಬಿಗಿ, ಸಣ್ಣ ಕಾಲಿನವರಿಗೆ ಸಡಿಲ. ಕೈಯಲ್ಲಿ ಹೆಣೆದರೆ ಆ ತೊಂದರೆ ಇಲ್ಲ, ಆದರೆ ಕಡ್ಡಿ ಹಿಡಿಯುವ ಮೊದಲು ಸ್ವಲ್ಪ ಲೆಕ್ಕ ಮಾಡಬೇಕು. ಸಾಮಾನ್ಯ ಕಾಲ್ಚೀಲ ಹೆಣೆದು ಗೊತ್ತಿರುವವರಿಗೆ ಇದು ಕಷ್ಟವಲ್ಲ, ಕೆಲಸ ಜಾಸ್ತಿ ಅಷ್ಟೇ.

ಏನೇನು ಬೇಕು

4 ಪ್ಲೈ ಉಣ್ಣೆ ನೂಲು 250ರಿಂದ 300 ಗ್ರಾಂ. ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್ ಇರುವ ನೂಲಾದರೆ ಹಿಮ್ಮಡಿ ಬೇಗ ಸವೆಯುವುದಿಲ್ಲ. ಪೂರ್ತಿ ಅಕ್ರಿಲಿಕ್ ಬೇಡ. ಬೆವರು ಹೀರುವುದಿಲ್ಲ, ಒಮ್ಮೆ ಹಿಗ್ಗಿದರೆ ಉಣ್ಣೆಯಷ್ಟು ಚೆನ್ನಾಗಿ ಮೊದಲಿನ ಆಕಾರಕ್ಕೆ ಮರಳುವುದೂ ಇಲ್ಲ. ಎಲ್ಲ ಉಂಡೆಗಳೂ ಒಂದೇ ಬಣ್ಣದ ಲಾಟ್‌ನವು ಇರಲಿ. ಎರಡೂ ತುದಿ ಚೂಪಾದ 2.75 ಮಿ.ಮೀ. ಕಡ್ಡಿಗಳ ಐದರ ಸೆಟ್ ಒಂದು, ಮೇಲಿನ ಮಡಿಕೆಗೆ 3 ಮಿ.ಮೀ. ಸೆಟ್ ಇನ್ನೊಂದು.

ಬಣ್ಣ ನಿಮ್ಮಿಷ್ಟ. ಬಾಡಿಗೆ ಉಡುಪಿನ ಜೊತೆ ಬರುವ ಕೆನೆ ಬಣ್ಣದ ಕಾಲ್ಚೀಲ ಎಲ್ಲರ ಕಾಲಲ್ಲೂ ಇರುತ್ತದೆ. ಅಷ್ಟು ದಿನ ಕೂತು ಹೆಣೆಯುವವರು ಅದನ್ನೇ ಯಾಕೆ ಹೆಣೆಯಬೇಕು? ಕಿಲ್ಟ್‌ನ ಚೌಕುಳಿಯಲ್ಲಿ ಅಲ್ಲಲ್ಲಿ ಇಣುಕುವ ಕಡು ಹಸಿರು ಅಥವಾ ದ್ರಾಕ್ಷಿ ಬಣ್ಣ ಆರಿಸಿಕೊಳ್ಳಿ.

ಅಳತೆ ಮತ್ತು ಲೆಕ್ಕ

ಮೊದಲು ಒಂದು ಚೌಕ ಹೆಣೆದು, ತೊಳೆದು, ಒಣಗಿಸಿ ಅಳೆಯಿರಿ. 10 ಸೆಂ.ಮೀ. ಅಗಲಕ್ಕೆ 28 ಕುಣಿಕೆ, 10 ಸೆಂ.ಮೀ. ಉದ್ದಕ್ಕೆ 36 ಸಾಲು ಬಂದರೆ ಕೆಳಗಿನ ಲೆಕ್ಕ ಹಾಗೇ ನಡೆಯುತ್ತದೆ. ತೊಳೆಯದೆ ಅಳೆಯಬೇಡಿ, ಉಣ್ಣೆ ನೀರು ಕಂಡ ಮೇಲೆಯೇ ತನ್ನ ನಿಜವಾದ ಅಳತೆಗೆ ಬರುವುದು.

ಈಗ ಕಾಲು. ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ, ಪಾದದ ಗಂಟಿನ ಸುತ್ತಳತೆ, ಮಂಡಿಚಿಪ್ಪಿನಿಂದ ಮೂರು ಬೆರಳು ಕೆಳಗಿನಿಂದ ನೆಲದವರೆಗಿನ ಉದ್ದ, ಪಾದದ ಉದ್ದ ಬರೆದುಕೊಳ್ಳಿ. ಸುತ್ತಳತೆಯಲ್ಲಿ ನೂರಕ್ಕೆ ಹತ್ತರಷ್ಟು ಕಡಿಮೆ ಮಾಡಿ ಹೆಣೆಯಬೇಕು, ಆಗಲೇ ಕಾಲ್ಚೀಲ ಕಾಲಿಗೆ ಅಂಟಿ ಕೂರುತ್ತದೆ. ಮೀನಖಂಡ 38 ಸೆಂ.ಮೀ. ಎಂದುಕೊಳ್ಳಿ. ಹತ್ತನೇ ಒಂದು ಕಳೆದರೆ ಸುಮಾರು 34. ಅದನ್ನು 2.8ರಿಂದ ಗುಣಿಸಿದರೆ 95. ನಾಲ್ಕರಿಂದ ಭಾಗವಾಗಲಿ ಎಂದು 96 ಇಟ್ಟುಕೊಳ್ಳಿ. ಗಂಟು 24 ಸೆಂ.ಮೀ. ಇದ್ದರೆ ಇದೇ ಲೆಕ್ಕದಲ್ಲಿ 60 ಕುಣಿಕೆ. ಅಂದರೆ ಮೀನಖಂಡದಿಂದ ಗಂಟಿಗೆ ಬರುವಷ್ಟರಲ್ಲಿ 36 ಕುಣಿಕೆ ಕಡಿಮೆಯಾಗಬೇಕು. ಒಂದು ಸಲಕ್ಕೆ ಎರಡರಂತೆ 18 ಸಲ.

ಮಡಿಕೆ ಮೊದಲು, ಅದೂ ತಿರುಗಾಮುರುಗಾ

ಈ ಕಾಲ್ಚೀಲವನ್ನು ಮೇಲಿನಿಂದ ಕೆಳಕ್ಕೆ ಹೆಣೆಯುತ್ತೇವೆ. ಮೇಲ್ತುದಿಯ ಮಡಿಕೆ ಹೊರಗೆ ಮಡಚಿಕೊಳ್ಳುವುದರಿಂದ ಅದರ ಒಳಮೈ ಹೊರಗೆ ಬರುತ್ತದೆ. ಹಾಗಾಗಿ ಮಡಿಕೆಯ ಚಿತ್ತಾರ ಕಾಲಿನ ಮೈಗೆ ಎದುರುಬದುರಾಗಿ ಇರಬೇಕು. ಹೊಸಬರು ಎಡವುವುದು ಇಲ್ಲೇ.

3 ಮಿ.ಮೀ. ಕಡ್ಡಿಯಲ್ಲಿ 108 ಕುಣಿಕೆ ಸಡಿಲವಾಗಿ ಹಾಕಿ. ಮಡಚಿದಾಗ ಮಡಿಕೆ ಕಾಲಿನ ಭಾಗದ ಮೇಲೆ ಕೂರಬೇಕಲ್ಲ, ಅದಕ್ಕೇ ಹನ್ನೆರಡು ಜಾಸ್ತಿ. ಸುತ್ತು ಸೇರಿಸಿ, ಅಂಚಿಗೆ ನಾಲ್ಕಾರು ಸುತ್ತು ರಿಬ್ (ಸೀದಾ, ಉಲ್ಟಾ ಕುಣಿಕೆಗಳ ಹಿಗ್ಗುವ ಪಟ್ಟೆ) ಹೆಣೆದು, ಆಮೇಲೆ ಜಡೆ, ಚೌಕ, ಏನು ಇಷ್ಟವೋ ಅದನ್ನು ಹಾಕಿ 10 ಸೆಂ.ಮೀ. ತನಕ ಹೋಗಿ. ಕೊನೆಯ ಸುತ್ತಿನಲ್ಲಿ ಸಮ ಅಂತರದಲ್ಲಿ 12 ಕುಣಿಕೆ ಕಳೆದು 96ಕ್ಕೆ ತನ್ನಿ.

ಈಗ ಇಡೀ ಹೆಣಿಗೆಯನ್ನು ಒಳಹೊರಗು ಮಾಡಿ. ನೂಲು ಹಿಂದುಮುಂದಾಗುತ್ತದೆ, ಬಂದ ದಾರಿಯಲ್ಲೇ ವಾಪಸ್ ಹೆಣೆಯಬೇಕಾಗುತ್ತದೆ. ಸುಮ್ನೆ ಹಾಗೇ ಮುಂದುವರಿದರೆ ಆ ಜಾಗದಲ್ಲಿ ತೂತು ಬೀಳುತ್ತದೆ. ಪಕ್ಕದ ಒಂದು ಕುಣಿಕೆಗೆ ನೂಲನ್ನು ಒಮ್ಮೆ ಸುತ್ತಿ ಆಮೇಲೆ ತಿರುಗಿ. ಸುತ್ತು ಮುಗಿಸಿ ಅಲ್ಲಿಗೆ ಬಂದಾಗ ಆ ಸುತ್ತಿದ ನೂಲನ್ನೂ ಕುಣಿಕೆಯ ಜೊತೆಗೇ ಎತ್ತಿ ಹೆಣೆದರೆ ತೂತು ಮುಚ್ಚುತ್ತದೆ.

ಕಾಲು

2.75 ಮಿ.ಮೀ. ಕಡ್ಡಿಗೆ ಬದಲಿಸಿ, ಎರಡು ಸೀದಾ ಎರಡು ಉಲ್ಟಾ ರಿಬ್ 8 ಸೆಂ.ಮೀ. ಹೆಣೆಯಿರಿ. ಇದು ಮಡಿಕೆಯ ಕೆಳಗೆ ಅಡಗುತ್ತದೆ, ಕಾಲುಪಟ್ಟಿಯ ಎಲಾಸ್ಟಿಕ್ ಕೂರುವುದೂ ಇಲ್ಲೇ. ಆ ಪಟ್ಟಿಗೆ ಹೊಲಿದ ಬಣ್ಣದ ರಿಬ್ಬನ್ ತುಂಡುಗಳಿಗೆ ಫ್ಲ್ಯಾಶ್ ಎನ್ನುತ್ತಾರೆ. ಮಡಿಕೆಯ ಕೆಳಗಿನಿಂದ ಅವು ಇಣುಕುತ್ತವೆ.

ರಿಬ್ ಆದ ಮೇಲೆ ಪೂರ್ತಿ ಸೀದಾ. ಮಡಿಕೆ ತಿರುಗುವ ಗೆರೆಯಿಂದ 12 ಸೆಂ.ಮೀ. ಆಗುವವರೆಗೆ ಏನೂ ಕಳೆಯಬೇಡಿ. ಆಮೇಲೆ ಹಿಂಬದಿಯ ನಡುವಿಗೆ ಗುರುತಿನ ರಿಂಗ್ ಹಾಕಿ, ಅದರ ಆಚೆ ಈಚೆ ಒಂದೊಂದು ಕುಣಿಕೆ ಕಡಿಮೆ ಮಾಡಿ. ಒಂದು ಕಡೆ ಎಡಕ್ಕೆ ವಾಲುವ ಇಳಿಕೆ, ಇನ್ನೊಂದು ಕಡೆ ಬಲಕ್ಕೆ. ನಾಲ್ಕು ಸುತ್ತಿಗೊಮ್ಮೆ ಹೀಗೆ 18 ಸಲ ಮಾಡಿದರೆ 20 ಸೆಂ.ಮೀ. ಮುಗಿದು 60 ಕುಣಿಕೆ ಉಳಿಯುತ್ತದೆ. ಇನ್ನೂ 3 ಸೆಂ.ಮೀ. ನೇರವಾಗಿ ಹೆಣೆಯಿರಿ. ನಿಮ್ಮ ಕಾಲು ಉದ್ದವಿದ್ದರೆ ಇಲ್ಲಿ ಇನ್ನಷ್ಟು ಸೇರಿಸಿ. ಎಷ್ಟು ಸುತ್ತಾಯಿತು ಎಂದು ಚೀಟಿಯಲ್ಲಿ ಬರೆದಿಡಿ, ಜೋಡಿಯ ಎರಡನೆಯದಕ್ಕೆ ಅದೇ ಆಧಾರ.

ವಜ್ರಾಕಾರದ ಆರ್ಗೈಲ್ ಮಾದರಿ ಬೇಕು ಅನ್ನುವವರು ಮೊದಲ ಜೋಡಿಯಲ್ಲೇ ಅದಕ್ಕೆ ಕೈ ಹಾಕಬೇಡಿ. ಹಿಂದೆ ಸ್ಕಾಟ್ಲೆಂಡಿನ ಗುಡ್ಡಗಾಡಾದ ಹೈಲ್ಯಾಂಡಿನಲ್ಲಿ ಚೌಕುಳಿ ಬಟ್ಟೆಯನ್ನೇ ಓರೆಯಾಗಿ ಕತ್ತರಿಸಿ ಕಾಲ್ಚೀಲ ಹೊಲಿಯುತ್ತಿದ್ದರು. ಚೌಕಗಳು ಓರೆಯಾದಾಗ ವಜ್ರದಂತೆ ಕಾಣುತ್ತಿದ್ದವು, ಹೆಣಿಗೆಗೆ ಬಂದಿದ್ದು ಆ ನೋಟವೇ. ಅದನ್ನು ಸಾಮಾನ್ಯವಾಗಿ ಎರಡು ಕಡ್ಡಿಯಲ್ಲಿ ಚಪ್ಪಟೆಯಾಗಿ, ಪ್ರತಿ ಬಣ್ಣಕ್ಕೂ ಬೇರೆ ಬೇರೆ ನೂಲಿನ ಸುರುಳಿ ಇಟ್ಟು ಹೆಣೆದು, ಹಿಂದೆ ಹೊಲಿಗೆ ಹಾಕುತ್ತಾರೆ. ನೂಲು ಬಿಡಿಸುವುದರಲ್ಲೇ ಅರ್ಧ ಸಂಜೆ ಹೋಗುತ್ತದೆ.

ಹಿಮ್ಮಡಿ, ಪಾದ, ತುದಿ

60ರಲ್ಲಿ ಅರ್ಧ, ಅಂದರೆ ಹಿಂದಿನ 30 ಕುಣಿಕೆಯ ಮೇಲೆ ಮಾತ್ರ ಹಿಂದೆ ಮುಂದೆ 30 ಸಾಲು ಹೆಣೆಯಿರಿ. ಸೀದಾ ಬದಿಯಲ್ಲಿ ಒಂದು ಕುಣಿಕೆ ಹೆಣೆಯದೆ ಸರಿಸಿ, ಒಂದು ಹೆಣೆಯಿರಿ. ಉಲ್ಟಾ ಬದಿಯಲ್ಲಿ ಮೊದಲನೆಯದನ್ನು ಸರಿಸಿ, ಉಳಿದದ್ದೆಲ್ಲ ಉಲ್ಟಾ. ಪಟ್ಟಿ ದಪ್ಪವಾಗಿ ಗಟ್ಟಿ ಬರುತ್ತದೆ.

ಬಟ್ಟಲಿನ ಆಕಾರಕ್ಕೆ ಹೀಗೆ ಮಾಡಿ. 17 ಕುಣಿಕೆ ಸೀದಾ, ಎರಡು ಸೇರಿಸಿ ಒಂದು, ಇನ್ನೊಂದು ಸೀದಾ, ತಿರುಗಿ. ಒಂದು ಸರಿಸಿ, 5 ಉಲ್ಟಾ, ಎರಡು ಸೇರಿಸಿ ಒಂದು, ಒಂದು ಉಲ್ಟಾ, ತಿರುಗಿ. ಮುಂದಿನ ಸಾಲುಗಳಲ್ಲಿ ಸಂದಿಗೆ ಒಂದು ಕುಣಿಕೆ ಮುಂಚೆ ಬಂದಾಗ, ಸಂದಿಯ ಆಚೀಚಿನ ಎರಡನ್ನು ಸೇರಿಸಿ. ಪಕ್ಕದ ಕುಣಿಕೆಗಳೆಲ್ಲ ಮುಗಿದಾಗ 18 ಉಳಿದಿರಬೇಕು.

ಪಟ್ಟಿಯ ಎರಡೂ ಅಂಚಿನಿಂದ 15, ಮೂಲೆಯಲ್ಲಿ ತೂತಾಗದಂತೆ ಒಂದು, ಹೀಗೆ 16ರಂತೆ ಎತ್ತಿಕೊಳ್ಳಿ. ಒಟ್ಟು 80. ಸುತ್ತು ಬಿಟ್ಟು ಸುತ್ತು ಎರಡೆರಡು ಕಳೆಯುತ್ತಾ ಮತ್ತೆ 60ಕ್ಕೆ ಬನ್ನಿ. ಹೆಬ್ಬೆರಳ ತುದಿಗೆ 5 ಸೆಂ.ಮೀ. ಉಳಿಯುವ ತನಕ ನೇರವಾಗಿ ಹೆಣೆದು, ಆಮೇಲೆ ಸುತ್ತು ಬಿಟ್ಟು ಸುತ್ತು ನಾಲ್ಕು ಕಳೆಯಿರಿ. 24 ಉಳಿದಾಗ ಮೇಲೆ 12, ಕೆಳಗೆ 12 ಇಟ್ಟು ಕಿಚನರ್ ಹೊಲಿಗೆಯಿಂದ (ಸೂಜಿಯಲ್ಲಿ ಕುಣಿಕೆಗೆ ಕುಣಿಕೆ ಕೂಡಿಸುವ, ಗೆರೆ ಕಾಣದ ಹೊಲಿಗೆ) ಸೇರಿಸಿ. ಗಂಟು ಬೇಡ, ಶೂ ಒಳಗೆ ಚುಚ್ಚುತ್ತದೆ.

ಹಾಕಿಕೊಳ್ಳುವಾಗ

ಕಾಲ್ಚೀಲ ಪೂರ್ತಿ ಎಳೆದುಕೊಳ್ಳಿ. ಮಂಡಿಯ ಕೆಳಗೆ ಪಟ್ಟಿ ಕಟ್ಟಿ, ಫ್ಲ್ಯಾಶ್ ಕಾಲಿನ ಹೊರಬದಿಗೆ ಬರಲಿ. ಆಮೇಲೆ ಮಡಿಕೆ ಇಳಿಸಿ. ಸ್ಕೀನ್ ಡೂ ಎಂಬ ಪುಟ್ಟ ಚೂರಿ ಇಡುವವರು, ಬಲಗೈಯವರಾದರೆ ಬಲಗಾಲಿನ ಮಡಿಕೆಯೊಳಗೆ ಹಿಡಿ ಮಾತ್ರ ಕಾಣುವಂತೆ ಸಿಕ್ಕಿಸಿಕೊಳ್ಳುತ್ತಾರೆ. ಮಡಿಕೆ ಸಡಿಲವಿದ್ದರೆ ಅದರ ಭಾರಕ್ಕೆ ಜೋಲುತ್ತದೆ.

ಒಗೆಯುವಾಗ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು. ಉಜ್ಜಬೇಡಿ, ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಪ್ಪಟೆಯಾಗಿ ಹರಡಿ. ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ಉದ್ದವಾಗಿಬಿಡುತ್ತದೆ. ಉಳಿದ ನೂಲನ್ನು ಎಸೆಯಬೇಡಿ, ಹಿಮ್ಮಡಿಯ ರಿಪೇರಿಗೆ ಅದೇ ಬೇಕಾಗುತ್ತದೆ.