ಹಿತ್ತಲ ಗೋಣಿ ಸೊಪ್ಪಿನ ಬಸ್ಸಾರು

ಮಳೆ ಬಿದ್ದು ಎರಡು ವಾರವಾದರೆ ಸಾಕು, ನಮ್ಮ ಹಿತ್ತಲಲ್ಲಿ ಗೋಣಿ ಸೊಪ್ಪು, ಅಣ್ಣೆ ಸೊಪ್ಪು ಯಾರೂ ಬಿತ್ತದೆಯೇ ಏಳುತ್ತವೆ. ಕಳೆ ಎಂದು ಕಿತ್ತು ಬಿಸಾಡುವ ಮುನ್ನ ಒಮ್ಮೆ ಬಸ್ಸಾರು ಮಾಡಿ ನೋಡಿ.

ಗೋಣಿಯ ದಂಟು ಕೆಂಪಗೆ, ನುಣುಪಾಗಿ, ರಸ ತುಂಬಿಕೊಂಡಿರುತ್ತದೆ, ಎಲೆ ದಪ್ಪ. ಅದೇ ರೀತಿ ನೆಲಕ್ಕೆ ಹಬ್ಬುವ ಬೇರೆ ಗಿಡಗಳೂ ಪಕ್ಕದಲ್ಲೇ ಇರುತ್ತವೆ. ದಂಟು ಮುರಿದಾಗ ಬಿಳಿ ಹಾಲು ಒಸರಿದರೆ ಅದು ಗೋಣಿಯಲ್ಲ, ಬಿಟ್ಟುಬಿಡಿ. ಹಾಲು ಬರಲಿಲ್ಲವೆಂದು ಸಿಕ್ಕಿದ್ದನ್ನೆಲ್ಲ ಬೇಯಿಸಬೇಡಿ. ಮೊದಲ ಸಲ ಗೊತ್ತಿದ್ದವರಿಗೆ ತೋರಿಸಿಯೇ ಕೊಯ್ಯಿರಿ. ಚರಂಡಿ ಪಕ್ಕದ್ದು, ಕಳೆನಾಶಕ ಹೊಡೆದ ಜಾಗದ್ದು ಬೇಡವೇ ಬೇಡ.

ನಾಲ್ಕು ಹಿಡಿ ಸೊಪ್ಪಿಗೆ ಅರ್ಧ ಲೋಟ ತೊಗರಿಬೇಳೆ. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಿರಿ, ದಂಟಿನ ಬುಡದಲ್ಲಿ ಮಣ್ಣು ಅವಿತಿರುತ್ತದೆ. ಕುಕ್ಕರ್ ಬೇಡ. ಬೇಳೆಯನ್ನು ಹಿಸುಕಿದರೆ ಒಡೆಯಬೇಕು, ಕರಗಬಾರದು. ಆ ಹದಕ್ಕೆ ಸೊಪ್ಪು ಹಾಕಿ, ಬೆಂದ ಮೇಲೆ ಕಟ್ಟು ಬಸಿದುಕೊಳ್ಳಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಕಾಯಿತುರಿ, ಜೊತೆಗೆ ಬೆಂದ ಸೊಪ್ಪು ಬೇಳೆ ಒಂದು ಹಿಡಿ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿ. ಗೋಣಿಗೆ ತನ್ನದೇ ಹುಳಿಯಿದೆ. ಎಂದಿನಷ್ಟೇ ಹುಣಸೆ ಹಿಂಡಿ ನಾನು ಒಂದು ಪಾತ್ರೆ ಸಾರು ಕೆಡಿಸಿದ್ದೇನೆ! ರುಚಿ ನೋಡಿ ಆಮೇಲೆ ಹಾಕಿ.

ಉಳಿದ ಸೊಪ್ಪಿಗೆ ಸಾಸಿವೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆ ಬಿಸಿಯಿರಲಿ. ಗೋಣಿಯಲ್ಲಿ ಆಕ್ಸಲೇಟ್ ಹೆಚ್ಚು, ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ವೈದ್ಯರನ್ನು ಕೇಳಿ ತಿನ್ನಿ.