ವಿಂಡ್‌ಮಿಲ್ ರೆಕ್ಕೆ ನಿಂತು ನಿಂತು ತಿರುಗುತ್ತಿದ್ದರೆ

ದುರ್ಗದ ಜೋಗಿಮಟ್ಟಿ ಕಡೆಯ ವಿಂಡ್‌ಮಿಲ್‌ಗಳನ್ನು ಬ್ಲೆಂಡರ್ ಎಂಬ 3ಡಿ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿರುವ ಹೊಸಬರಿಗೆ ಒಂದು ಮಾತು. ಎರಡು ಕೀಫ್ರೇಮ್ (ಇಂಥ ಫ್ರೇಮಿನಲ್ಲಿ ಇಂಥ ಬೆಲೆ ಎಂದು ನಾವು ಇಡುವ ಗುರುತು) ನಡುವೆ ಬ್ಲೆಂಡರ್ ತಾನಾಗಿಯೇ ಬೆಜಿಯರ್ ಎಂಬ ಬಾಗಿದ ಗೆರೆ ಹಾಕುತ್ತದೆ, ಹಾಗಾಗಿ ಶುರುವಿನಲ್ಲೂ ಕೊನೆಯಲ್ಲೂ ವೇಗ ಇಳಿಯುತ್ತದೆ. ಕೈ ಬೀಸುವುದಕ್ಕೆ ಅದು ಚೆನ್ನ, ರೆಕ್ಕೆಗೆ ಖಂಡಿತ ಬೇಡ.

ಟೈಮ್‌ಲೈನ್‌ನಲ್ಲಿ ಫ್ರೇಮ್ 1ಕ್ಕೆ ಹೋಗಿ ರೊಟೇಷನ್ 0 ಇಡಿ, ಆ ಅಂಕಿಯ ಮೇಲೆ ಮೌಸ್ ಇರುವಾಗಲೇ ಕೀಬೋರ್ಡಿನ ಐ (I) ಒತ್ತಿ, ಕೀಫ್ರೇಮ್ ಕೂರುತ್ತದೆ. ಫ್ರೇಮ್ 121ರಲ್ಲಿ 360 ಕೊಟ್ಟು ಮತ್ತೆ ಐ. ಗ್ರಾಫ್ ಎಡಿಟರ್‌ನಲ್ಲಿ ಎರಡೂ ಕೀಫ್ರೇಮ್ ಆರಿಸಿ, ಟಿ (T) ಒತ್ತಿ ಲೀನಿಯರ್, ಅಂದರೆ ಒಂದೇ ವೇಗದ ನೇರ ಗೆರೆ, ಮಾಡಿ. ಟೈಮ್‌ಲೈನ್‌ನ ಎಂಡ್ (ಕೊನೆಯ ಫ್ರೇಮ್) ಮಾತ್ರ 120 ಇರಲಿ. 121ನೆಯದು ಮೊದಲ ಫ್ರೇಮಿನದೇ ನಕಲು, ಸೇರಿಸಿದರೆ ಲೂಪ್ ಸಣ್ಣಗೆ ಎಡವುತ್ತದೆ. ಸೆಕೆಂಡಿಗೆ 24 ಫ್ರೇಮ್ ಇದ್ದರೆ ಸುತ್ತಿಗೆ ಸರಿಯಾಗಿ 5 ಸೆಕೆಂಡು.

ಮೂರೂ ರೆಕ್ಕೆ ಒಂದೇ ಥರ ಇದ್ದು, ಬೇರೇನೂ ಅಲುಗಾಡದಿದ್ದರೆ ಎಂಡ್ 40 ಇಟ್ಟರೂ ಸಾಕು, 120 ಡಿಗ್ರಿಗೇ ಚಿತ್ರ ಮೊದಲಿನಂತೆ ಕೂರುತ್ತದೆ. ಹಳೇ ಲ್ಯಾಪ್‌ಟಾಪ್‌ನವರಿಗೆ ರೆಂಡರ್ ಸಮಯ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.