ಬ್ರೇಡ್ ದಾರ: ರೀಲಿಗೆ ತಕ್ಕ ದಪ್ಪ, ಜಾಗಕ್ಕೆ ತಕ್ಕ ಎಳೆ

ಮೀನು ಹಿಡಿಯಲು ಬಳಸುವ, ಹಲವು ಎಳೆ ಹೆಣೆದ ಬ್ರೇಡ್ ದಾರದ ಡಬ್ಬಿಯ ಮೇಲೆ ದೊಡ್ಡದಾಗಿ ಕಾಣುವುದು ಅದು ತಾಳುವ ಭಾರದ ಪೌಂಡ್ ಲೆಕ್ಕ. ಹೆಚ್ಚಿನವರು ಅದೊಂದನ್ನೇ ನೋಡಿ ಕೊಂಡುಬಿಡುತ್ತಾರೆ. ಆದರೆ 20 ಪೌಂಡ್ ಎಂದು ಬರೆದ ಎರಡು ದಾರಗಳಲ್ಲಿ ಒಂದು 0.18 ಮಿ.ಮೀ. ಇದ್ದರೆ ಇನ್ನೊಂದು 0.23 ಮಿ.ಮೀ. ಇರಬಹುದು. ರೀಲಿನಲ್ಲಿ ಎಷ್ಟು ಮೀಟರ್ ಹಿಡಿಯುತ್ತದೆ, ಎಷ್ಟು ದೂರ ಹಾರುತ್ತದೆ, ಸ್ಪೂಲಿನೊಳಗೆ (ರೀಲಿನಲ್ಲಿ ದಾರ ಸುತ್ತುವ ಉರುಳೆ) ಕಚ್ಚಿಕೊಳ್ಳುತ್ತದೋ ಇಲ್ಲವೋ ಎಂಬುದನ್ನೆಲ್ಲ ನಿರ್ಧರಿಸುವುದು ದಪ್ಪ. ಹಾಗಾಗಿ ಮೊದಲು ಪಿಇ ಸಂಖ್ಯೆ ಹುಡುಕಿ. ಜಪಾನಿನ ಈ ಅಳತೆಯಲ್ಲಿ ಪಿಇ 1 ಎಂದರೆ ಸುಮಾರು 0.165 ಮಿ.ಮೀ., 1.5 ಎಂದರೆ 0.205, 2 ಎಂದರೆ 0.235, 3 ಎಂದರೆ 0.285, 4 ಎಂದರೆ 0.33. ದಪ್ಪವನ್ನೇ ನಮೂದಿಸದ ಅಗ್ಗದ ದಾರವನ್ನು ಕೊಳ್ಳದಿರುವುದೇ ಒಳ್ಳೆಯದು.

ಸ್ಪಿನ್ನಿಂಗ್ ರೀಲಿಗೆ (ಎಸೆಯುವಾಗ ಸ್ಪೂಲ್ ತಿರುಗದ ರೀಲು) ತೆಳು ದಾರ ಒಗ್ಗುತ್ತದೆ. ಕೆರೆ, ಹಿನ್ನೀರಿನಲ್ಲಿ ಸಣ್ಣ ಲೂರ್ (ಕೃತಕ ಎರೆ) ಎಸೆಯುವ 2000–2500 ಸೈಜಿನ ರೀಲಿಗೆ ಪಿಇ 0.8ರಿಂದ 1 ಸಾಕು. ಅಳಿವೆಯಲ್ಲಿ ಕೆಂಬೇರಿ, ಬಾರಾಮುಂಡಿ ಹಿಡಿಯುವ 3000–4000 ರೀಲಿಗೆ ಪಿಇ 1.5ರಿಂದ 2. ಕಡಲ ಬಂಡೆಯ ಮೇಲಿಂದ ಭಾರದ ಲೂರ್ ಬೀಸುವ 5000–6000 ರೀಲಿಗೆ ಪಿಇ 2ರಿಂದ 3.

ಬೇಟ್‌ಕಾಸ್ಟರ್ ರೀಲಿನಲ್ಲಿ ಲೆಕ್ಕ ಬೇರೆ. ಅದರ ಸ್ಪೂಲ್ ತಾನೇ ತಿರುಗಿ ದಾರ ಬಿಡುತ್ತದೆ. ಪಿಇ 1ರಂಥ ತೆಳು ದಾರ ಹಾಕಿದರೆ, ದೊಡ್ಡ ಮೀನು ಎಳೆದಾಗಲೋ ಗಾಳ ಬೇರಿಗೆ ಸಿಕ್ಕಿಕೊಂಡಾಗಲೋ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಹೂತುಹೋಗುತ್ತದೆ. ಮುಂದಿನ ಎಸೆತದಲ್ಲಿ ದಾರ ಅಲ್ಲೇ ತಡೆದು ನಿಲ್ಲುತ್ತದೆ. ಒಂದೋ ಲೂರ್ ಕಡಿದುಕೊಂಡು ಹಾರುತ್ತದೆ, ಇಲ್ಲವೇ ಸ್ಪೂಲಿನ ಮೇಲೆ ದಾರ ಹಕ್ಕಿಗೂಡಿನಂತೆ ಸಿಕ್ಕಾಗುತ್ತದೆ. ಈ ರೀಲಿಗೆ ಪಿಇ 2ಕ್ಕಿಂತ ಕಡಿಮೆ ಬೇಡ; ಬೇರು, ಜೊಂಡು ಇರುವಲ್ಲಿ ಪಿಇ 3.

ಎಷ್ಟು ಎಳೆ ಹೆಣೆದ ದಾರ ಬೇಕು ಎನ್ನುವುದನ್ನು ಜಾಗ ನೋಡಿ ತೀರ್ಮಾನಿಸಿ. 4 ಎಳೆಯದರಲ್ಲಿ ಒಂದೊಂದು ಎಳೆಯೂ ದಪ್ಪ. ಮುಟ್ಟಿದರೆ ಒರಟು, ರಾಡಿನ ರಿಂಗಿನಲ್ಲಿ ಸದ್ದು ಹೆಚ್ಚು, ಆದರೆ ಉಜ್ಜಾಟವನ್ನು ಚೆನ್ನಾಗಿ ತಾಳುತ್ತದೆ. ಸೇತುವೆ ಕಂಬ, ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಇದೇ ಸರಿ. 8 ಎಳೆಯದು ದುಂಡಗೆ, ನಯವಾಗಿ ದೂರ ಹೋಗುತ್ತದೆ; ಬಯಲು ನೀರಿಗೂ ಕಡಲ ದಂಡೆಗೂ ಅದನ್ನೇ ಹಾಕಿ. ಆದರೆ ಬಿಗಿದು ನಿಂತ ಬ್ರೇಡ್ ಚಿಪ್ಪು ಅಂಟಿದ ಕಲ್ಲಿಗೆ ತಾಗಿದರೆ ಎಷ್ಟು ಎಳೆಯದಾದರೂ ಕ್ಷಣದಲ್ಲಿ ಕಡಿಯುತ್ತದೆ. ಅಲ್ಲಿ ಕಾಯುವುದು ಬ್ರೇಡಿಗೂ ಲೂರಿಗೂ ನಡುವೆ ಕಟ್ಟುವ ಗಟ್ಟಿ ದಾರವಾದ ಲೀಡರ್ ಮಾತ್ರ. ಕಲ್ಲಿನ ಜಾಗದಲ್ಲಿ 40 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ ಒಂದೂವರೆ ಎರಡು ಮೀಟರ್ ಇರಲಿ. ಅಂಜಲ್ ಮೀನಿನ ಹಲ್ಲಿಗೆ ಅದೂ ನಿಲ್ಲದು. ತುದಿಗೆ 20–30 ಸೆಂ.ಮೀ. ತಂತಿ ಕಟ್ಟಲೇಬೇಕು.

ಗಾಳಿ ಜೋರಿದ್ದ ದಿನ ತೆಳು ದಾರ ಮೇಲು, ಏಕೆಂದರೆ ಗಾಳಿಗೆ ದಾರ ಬಿಲ್ಲಿನಂತೆ ಬಾಗುವುದು ಕಡಿಮೆ. ಬ್ರೇಡ್ ನೀರಿಗಿಂತ ಹಗುರ, ತೇಲುತ್ತದೆ. ಮೇಲ್ಮೈ ಲೂರಿಗೆ ಇದರಿಂದ ಅನುಕೂಲ. ದೋಣಿಯಿಂದ ಆಳದಲ್ಲಿ ಜಿಗ್ ಮಾಡುವವರು (ಭಾರದ ಲೂರ್ ಇಳಿಸಿ ಮೇಲೆ ಕೆಳಗೆ ಆಡಿಸುವವರು) ಪ್ರತಿ 10 ಮೀಟರಿಗೆ ಬಣ್ಣ ಬದಲಾಗುವ ದಾರ ತೆಗೆದುಕೊಳ್ಳಲಿ, ಆಳ ಎಣಿಸಬಹುದು.

ಇನ್ನು ದಾರ ಸುತ್ತುವುದು. ಒಳ್ಳೆಯ ದಾರವೂ ಹೆಚ್ಚಾಗಿ ಕೆಡುವುದು ಇಲ್ಲೇ. ಬ್ರೇಡ್ ಜಾರುವ ದಾರ. ಬರಿಯ ಸ್ಪೂಲಿಗೆ ಕಟ್ಟಿದರೆ ಇಡೀ ಸುತ್ತೇ ಸ್ಪೂಲಿನ ಮೇಲೆ ಗಿರ್ರನೆ ತಿರುಗುತ್ತದೆ, ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆತಡೆದು ಬಿಡುವ ರೀಲಿನ ಬಿಗಿತ) ಕೆಟ್ಟಿದೆ ಎಂದು ಭ್ರಮೆಯಾಗುತ್ತದೆ. ಅದಕ್ಕೇ ಮೊದಲು ಸ್ಪೂಲಿನ ತಳಕ್ಕೆ ತಂಗೂಸಿ (ನೈಲಾನ್ ದಾರ) ಸುತ್ತಬೇಕು. ಎಷ್ಟು ಬೇಕೆಂಬುದಕ್ಕೆ ಸುಲಭ ಲೆಕ್ಕ: ದಪ್ಪದ ವರ್ಗವನ್ನು ಉದ್ದದಿಂದ ಗುಣಿಸಿ. ರೀಲಿನ ಮೇಲೆ 0.30 ಮಿ.ಮೀ., 150 ಮೀಟರ್ ಎಂದಿದ್ದರೆ 0.09 × 150 = 13.5. ನಿಮಗೆ ಬೇಕಾದದ್ದು ಪಿಇ 1.5 ಬ್ರೇಡ್ 150 ಮೀಟರ್: 0.042 × 150 = 6.3. ಉಳಿದ 7.2 ಅನ್ನು 0.30 ಮಿ.ಮೀ. ತಂಗೂಸಿಯ 0.09ರಿಂದ ಭಾಗಿಸಿದರೆ 80 ಮೀಟರ್. ದಾರದ ನಿಜವಾದ ದಪ್ಪ ತುಸು ಹೆಚ್ಚಿರುವುದುಂಟು, ಹಾಗಾಗಿ 70 ಮೀಟರ್ ತಂಗೂಸಿ ಸುತ್ತಿ ಅದಕ್ಕೆ ಡಬಲ್ ಯೂನಿ ಗಂಟಿನಲ್ಲಿ ಬ್ರೇಡ್ ಸೇರಿಸಿ.

ಒದ್ದೆ ಬಟ್ಟೆಯ ನಡುವೆ ದಾರ ಹಿಡಿದು, ಬಿಗಿಯಾಗಿಯೇ ಸುತ್ತಿ. ಸ್ಪಿನ್ನಿಂಗ್ ಸ್ಪೂಲಿನಲ್ಲಿ ಅಂಚಿಗೆ 2ರಿಂದ 3 ಮಿ.ಮೀ. ಬಿಡಿ, ಅಂಚಿನವರೆಗೆ ತುಂಬಿದರೆ ಎಸೆದಾಗ ನಾಲ್ಕಾರು ಸುತ್ತು ಒಟ್ಟಿಗೇ ಬಂದು ರಿಂಗಿನಲ್ಲಿ ಗಂಟಾಗುತ್ತದೆ. ಲೂರ್ ನೀರಿಗೆ ಬಿದ್ದ ಮೇಲೆ ಬೇಲನ್ನು (ಸ್ಪೂಲಿನ ಮೇಲಿನ ತಂತಿಯ ಕಮಾನು) ಕೈಯಿಂದ ಮುಚ್ಚಿ, ಸಡಿಲ ದಾರವನ್ನು ಎಳೆದು ಬಿಗಿ ಮಾಡಿ, ಆಮೇಲೆ ಹ್ಯಾಂಡಲ್ ತಿರುಗಿಸಿ. ಗಾಳಿಗಂಟು ಎನ್ನುವುದರಲ್ಲಿ ಗಾಳಿಗಿಂತ ಈ ಸಡಿಲ ಸುತ್ತಿನ ಪಾಲೇ ದೊಡ್ಡದು.

ಲೀಡರಿಗೆ ಎಫ್‌ಜಿ ಗಂಟು ಕಲಿಯಿರಿ, ಕೈ ಕೂರಲು ಒಂದೆರಡು ಸಂಜೆ ಹಿಡಿಯುತ್ತದೆ. ಬ್ರೇಡನ್ನು ಬಿಗಿಯಾಗಿಟ್ಟು, ಲೀಡರಿನ ಮೇಲೊಮ್ಮೆ ಕೆಳಗೊಮ್ಮೆ ಸುಮಾರು 20 ಸುತ್ತು ಹಾಕಿ, ಎರಡನ್ನೂ ಸೇರಿಸಿ ಒಂದು ಅರೆಗಂಟು ಹಾಕಿ. ಉಗುಳಿನಿಂದ ಒದ್ದೆ ಮಾಡಿ ನಿಧಾನವಾಗಿ ಎಳೆಯಿರಿ. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೆ ದಾರ ಸೋಲುತ್ತದೆ. ಸರಿಯಾಗಿ ಕೂತಾಗ ಸುತ್ತುಗಳ ಬಣ್ಣ ಗಾಢವಾಗಿ, ಲೀಡರಿಗೆ ಕಚ್ಚಿಕೊಂಡು, ಉಗುರಿನಿಂದ ತಳ್ಳಿದರೂ ಕದಲುವುದಿಲ್ಲ. ಕದಲಿದರೆ ಕತ್ತರಿಸಿ ಮತ್ತೆ ಕಟ್ಟಿ. ಕೂತ ಮೇಲೆ ಐದಾರು ಅರೆಗಂಟು ಹಾಕಿ ಲೀಡರಿನ ತುದಿ ಕತ್ತರಿಸಿ.

ಬ್ರೇಡ್ ಹಿಗ್ಗುವುದಿಲ್ಲ ಎನ್ನುವಷ್ಟು ಕಡಿಮೆ ಹಿಗ್ಗುತ್ತದೆ, ಮೀನಿನ ಎಳೆತ ನೇರ ಗಂಟಿಗೂ ಗಾಳಕ್ಕೂ ಬಡಿಯುತ್ತದೆ. ಡ್ರ್ಯಾಗನ್ನು ದಾರದ ಬಲದ ಕಾಲು ಭಾಗಕ್ಕೆ ಇಡಿ: 20 ಪೌಂಡ್ ದಾರಕ್ಕೆ ಸುಮಾರು 2.25 ಕಿಲೋ, ಕೊಕ್ಕೆ ತಕ್ಕಡಿಯಿಂದ ಎಳೆದು ನೋಡಿ. ಗಾಳ ಸಿಕ್ಕಿಕೊಂಡರೆ ದಾರವನ್ನು ಬರಿಗೈಗೆ ಎಂದೂ ಸುತ್ತಬೇಡಿ, ಮೂಳೆ ಮುಟ್ಟುವಷ್ಟು ಕೊಯ್ಯುತ್ತದೆ. ಒಂದು ಕೋಲಿಗೆ ಸುತ್ತಿ ನೇರವಾಗಿ ಎಳೆಯಿರಿ.

ಉಪ್ಪುನೀರಿನಿಂದ ಬಂದ ದಿನವೇ ಸಿಹಿನೀರಿನ ತೆಳು ಧಾರೆಯಲ್ಲಿ ಸ್ಪೂಲ್ ತೊಳೆದು ನೆರಳಲ್ಲಿ ಒಣಗಿಸಿ. ಬಣ್ಣ ಮಾಸಿದ್ದಕ್ಕೆ ದಾರ ಬಿಸಾಡಬೇಕಿಲ್ಲ. ಬೆರಳ ನಡುವೆ ಎಳೆದಾಗ ನಾರು ಎದ್ದು ಹತ್ತಿಯಂತೆ ತಗುಲಿದರೆ ಅಷ್ಟು ಮೀಟರ್ ಕತ್ತರಿಸಿ. ಮುಂದಿನ ಭಾಗ ಸವೆದಾಗ ದಾರವನ್ನು ಬಿಚ್ಚಿ ತಿರುಗಿಸಿ ಸುತ್ತಿ. ಒಳಗೆ ಮಲಗಿದ್ದ ತುದಿ ಇನ್ನೂ ಹೊಸದಾಗಿಯೇ ಇರುತ್ತದೆ.